ಆಯ್ಕೆಯ ರೀತಿ, ಆಯ್ಕೆಯಾದವರ ನಡೆ: ಕೊಯಮತ್ತೂರು ಮತ್ತು ತಿರುಪ್ಪೂರುಗಳ ಅನುಭವ

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚುನಾವಣೆಯ ವಿಷಯವಾಗಿ ಮಾತನಾಡುತ್ತೇನೆಂದು ನಾನು ತಿಳಿಸಿದಾಗ ಶತಮಾನೋತ್ಸವ ಸಮಿತಿಯವರು ಸ್ವಲ್ಪ ಅಳುಕಿದರು. ಶಾಲೆಯ ಅಂಗಳದಲ್ಲಿ ಪಕ್ಷ ರಾಜಕಾರಣದ ಮಾತು ಬಂದೀತೆಂಬ ಅಳುಕು ಅದು. ಯಾವ ಪಕ್ಷ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಪಕ್ಷಗಳ ಹೆಸರು ಬರುತ್ತದೆ, ಬಾರದೆ ಗತಿಯಿಲ್ಲ. ನನ್ನ ಪ್ರಶ್ನೆ ಬೇರೆ. ಜನಪ್ರತಿನಿಧಿಯನ್ನು ಆರಿಸುವ ನಿಯಮ ಬದಲಾದರೆ ಅದೇ ಮನುಷ್ಯ, ಅದೇ ಪಕ್ಷ, ಅದೇ ಊರು ನಡೆದುಕೊಳ್ಳುವ ಬಗೆ ಬದಲಾಗುತ್ತದೆಯೇ? ಬದಲಾಗುವುದಾದರೆ ಯಾವ ದಿಕ್ಕಿಗೆ?

ಕೊಳ್ಳೇಗಾಲದ ನೆಲದ ಮೇಲೆ ನಿಂತು ಕೊಯಮತ್ತೂರಿನ ಉದಾಹರಣೆ ಏಕೆಂದು ಕಿರಿಯರು ಕೇಳಬಹುದು. ಹಿರಿಯರು ಕೇಳಲಾರರು. ಈ ಶಾಲೆಯ ಬಾಗಿಲು ತೆರೆದ ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಚಾಮರಾಜನಗರ ಜಿಲ್ಲೆಯವರಾದೆವು. ಬೆಟ್ಟದ ಆಚೆಯ ತಾಳವಾಡಿಯ ನಮ್ಮ ನೆಂಟರು ಅಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಈ ಶಾಲೆಯಲ್ಲಿ ಅಕ್ಷರ ಕಲಿತ ನಾನು ಹೊಟ್ಟೆಪಾಡಿಗೆ ಕೊಯಮತ್ತೂರಿಗೆ ಹೋಗಿ, ಅಲ್ಲಿ ಬಹುಕಾಲ ರಾಜ್ಯಶಾಸ್ತ್ರ ಕಲಿಸಿದವನು. ಆದ್ದರಿಂದ ಎರಡೂ ಕಡೆಯ ಚುನಾವಣೆಗಳನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು.

ಮೊದಲಿಗೆ ನಿಯಮಕ್ಕೂ ನಡೆಗೂ ಇರುವ ನಂಟನ್ನು ಬಹಳ ಸ್ಪಷ್ಟವಾಗಿ ತೋರಿಸುವ ಒಂದು ಪ್ರಸಂಗ. ಈರೋಡಿನ ಪಕ್ಕದ ಮೊಡಕ್ಕುರಿಚಿ 1979ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. 1996ರ ವಿಧಾನಸಭಾ ಚುನಾವಣೆಯಲ್ಲಿ ಆ ಒಂದು ಕ್ಷೇತ್ರದಲ್ಲಿ 1033 ಅಭ್ಯರ್ಥಿಗಳು ಕಣದಲ್ಲಿ ನಿಂತರು. ತಮ್ಮ ಅಹವಾಲುಗಳಿಗೆ ಸರ್ಕಾರ ಕಿವಿಗೊಡಲಿಲ್ಲವೆಂದು ಸಿಟ್ಟಾದ ರೈತರು ಸಾಲುಸಾಲಾಗಿ ನಾಮಪತ್ರ ಸಲ್ಲಿಸಿದ್ದರು. ಮತಪತ್ರವನ್ನು ಪುಸ್ತಕದ ರೂಪದಲ್ಲಿ ಮುದ್ರಿಸಬೇಕಾಯಿತು, ಮತದಾನವನ್ನು ಮುಂದಕ್ಕೆ ಹಾಕಬೇಕಾಯಿತು. ಅದೇ ವರ್ಷ ಲೋಕಸಭೆಗೆ ನಮ್ಮ ಬೆಳಗಾವಿಯಲ್ಲಿ 456 ಮಂದಿ, ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ಸ್ಪರ್ಧಿಸಿದ್ದರು. ಬೆಳಗಾವಿಯದು ಗಡಿಯ ಜಗಳ, ನಲ್ಗೊಂಡದ್ದು ನೀರಿನ ಸಂಕಟ. ಕಾರಣ ಬೇರೆಬೇರೆಯಾದರೂ ಉಪಾಯ ಒಂದೇ.

ಈ ಉಪಾಯ ಸಾಧ್ಯವಾದದ್ದು ಒಂದು ಸಣ್ಣ ನಿಯಮದಿಂದ. ಆಗ ವಿಧಾನಸಭೆಗೆ ಠೇವಣಿ 250 ರೂಪಾಯಿ, ಲೋಕಸಭೆಗೆ 500. ಗಣರಾಜ್ಯದ ಆರಂಭದ ಕಾಲದಲ್ಲಿ ಇದು ಭಾರವಾದ ಮೊತ್ತವೇ ಇದ್ದೀತು. 1996ರ ಹೊತ್ತಿಗೆ ರೈತನೊಬ್ಬ ತನ್ನ ಪ್ರತಿಭಟನೆಗೆ ತೆರಬಹುದಾದ ಬೆಲೆಯಾಗಿತ್ತು. ಅದೇ ವರ್ಷ ಕಾನೂನು ತಿದ್ದಿ ಠೇವಣಿಯನ್ನು 5,000 ಮತ್ತು 10,000 ರೂಪಾಯಿಗೆ ಏರಿಸಿದರು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಅದರ ಅರ್ಧ. ಮಾನ್ಯತೆ ಪಡೆದ ಪಕ್ಷದವರಲ್ಲದ ಅಭ್ಯರ್ಥಿಗಳಿಗೆ ಹತ್ತು ಮಂದಿ ಸೂಚಕರು ಬೇಕೆಂದರು. ಫಲವನ್ನು ನೋಡಿ: 1996ರಲ್ಲಿ ದೇಶದಾದ್ಯಂತ ಲೋಕಸಭೆಗೆ 13,952 ಮಂದಿ ಸ್ಪರ್ಧಿಸಿದ್ದರು, 1998ರಲ್ಲಿ 4,750 ಮಂದಿ. ಎರಡು ವರ್ಷದಲ್ಲಿ ಜನರ ಸಿಟ್ಟು ಮೂರನೆಯ ಒಂದು ಭಾಗಕ್ಕೆ ಇಳಿಯಿತೆಂದು ಯಾರೂ ಹೇಳಲಾರರು. ಸಿಟ್ಟು ಹಾಗೆಯೇ ಇತ್ತು, ಅದನ್ನು ಹೇಳುವ ದಾರಿಗೆ ಸುಂಕ ಹೆಚ್ಚಿತು.

ಈ ತಿದ್ದುಪಡಿ ಅಗತ್ಯವಾಗಿತ್ತೆಂದೇ ನನ್ನ ಅಭಿಪ್ರಾಯ. ಸಾವಿರ ಹೆಸರಿನ ಪುಸ್ತಕದಲ್ಲಿ ತನ್ನ ಅಭ್ಯರ್ಥಿಯನ್ನು ಹುಡುಕಬೇಕಾದ ಮುದುಕಿಗೂ ಒಂದು ಹಕ್ಕಿದೆಯಲ್ಲವೇ? ಆದರೆ ಠೇವಣಿಯ ಜರಡಿ ತಮಾಷೆಗಾಗಿ ನಿಲ್ಲುವವನನ್ನೂ ಬಡವನನ್ನೂ ಒಂದೇ ಕಣ್ಣಿನಿಂದ ಸೋಸುತ್ತದೆ. ಹಣ ಕೂಡಿಸಬಲ್ಲ ಗುಂಪು ಮತ್ತೆ ದಾರಿ ಕಂಡುಕೊಳ್ಳುತ್ತದೆ. 2010ರಲ್ಲಿ ಠೇವಣಿ ಲೋಕಸಭೆಗೆ 25,000 ರೂಪಾಯಿಗೆ ಏರಿದ ಮೇಲೂ 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಸಿನ ಬೆಳೆಯುವ ರೈತರು ಸೇರಿ ಕಣದಲ್ಲಿ 185 ಅಭ್ಯರ್ಥಿಗಳಿದ್ದರು. ಒಂದೊಂದು ಮತಗಟ್ಟೆಗೂ ಹನ್ನೆರಡು ಮತಯಂತ್ರಗಳನ್ನು ಸಾಲಾಗಿ ಜೋಡಿಸಬೇಕಾಯಿತು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮೊಡಕ್ಕುರಿಚಿಯ ಅದೇ 1996ರಲ್ಲಿ, ಕೆಲವು ತಿಂಗಳ ನಂತರ, ಕೊಯಮತ್ತೂರು ನಗರ ತನ್ನ ಮೊದಲ ಚುನಾಯಿತ ಮೇಯರರನ್ನು ಕಂಡಿತು. 1866ರಷ್ಟು ಹಿಂದೆಯೇ ಪುರಸಭೆಯಾದ ಊರು ಅದು, 1981ರಲ್ಲಿ ಮಹಾನಗರಪಾಲಿಕೆಯಾಯಿತು. ಆದರೆ ಚುನಾಯಿತ ಮೇಯರ್ ಬರಲು ಮತ್ತೆ ಹದಿನೈದು ವರ್ಷ ಹಿಡಿಯಿತು. ಬಂದದ್ದು ಸಂವಿಧಾನದ 74ನೆಯ ತಿದ್ದುಪಡಿಯ ದೆಸೆಯಿಂದ. 1993ರ ಜೂನ್ 1ರಂದು ಜಾರಿಗೆ ಬಂದ ಆ ತಿದ್ದುಪಡಿ ನಗರಾಡಳಿತ ಸಂಸ್ಥೆಗಳಿಗೆ ಐದು ವರ್ಷದ ಅವಧಿಯನ್ನು ಗೊತ್ತುಮಾಡಿತು, ರಾಜ್ಯ ಚುನಾವಣಾ ಆಯೋಗಕ್ಕೆ ಚುನಾವಣೆಯ ಹೊಣೆ ಕೊಟ್ಟಿತು, ಮೀಸಲಾತಿಯನ್ನು ಕಡ್ಡಾಯ ಮಾಡಿತು. ಇಷ್ಟೆಲ್ಲ ಬಿಗಿಮಾಡಿದವರು ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟರು. ನಗರದ ಮುಖ್ಯಸ್ಥರನ್ನು ಜನರೇ ನೇರವಾಗಿ ಆರಿಸಬೇಕೋ, ಜನರು ಆರಿಸಿದ ಸದಸ್ಯರು ತಮ್ಮೊಳಗಿಂದ ಆರಿಸಬೇಕೋ ಎಂಬುದನ್ನು ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟರು.

ಆ ಬಾಗಿಲಿನಲ್ಲಿ ತಮಿಳುನಾಡು ಎಷ್ಟು ಬಾರಿ ಒಳಗೂ ಹೊರಗೂ ಓಡಾಡಿತೆಂಬುದನ್ನು ಕೇಳಿದರೆ ನಿಮಗೆ ನಗು ಬರಬಹುದು. 1996ರಲ್ಲಿ ನೇರ ಚುನಾವಣೆ: ಕೊಯಮತ್ತೂರಿಗೆ ತಮಿಳು ಮಾನಿಲ ಕಾಂಗ್ರೆಸ್ಸಿನ ವಿ. ಗೋಪಾಲಕೃಷ್ಣನ್ ಮೇಯರಾದರು. 2001ರಲ್ಲೂ ನೇರ: ಅಣ್ಣಾ ಡಿಎಂಕೆಯ ಟಿ. ಮಲರವನ್ ಬಂದರು. 2006ರಲ್ಲಿ ಡಿಎಂಕೆ ಸರ್ಕಾರ ಕಾನೂನು ತಿದ್ದಿ ಪರೋಕ್ಷ ಚುನಾವಣೆ ತಂದಿತು: ಡಿಎಂಕೆ ಮೈತ್ರಿಕೂಟದ ಕಾಂಗ್ರೆಸ್ಸಿಗ ಆರ್. ವೆಂಕಟಾಚಲಂ ಅವರನ್ನು ಸದಸ್ಯರು ಆರಿಸಿದರು. 2011ರಲ್ಲಿ ಅಣ್ಣಾ ಡಿಎಂಕೆ ಸರ್ಕಾರ ಮತ್ತೆ ನೇರ ಚುನಾವಣೆಗೆ ಮರಳಿತು: ಎಸ್.ಎಂ. ವೇಲುಸಾಮಿ ಮೇಯರಾದರು. 2016ರಲ್ಲಿ ಅದೇ ಪಕ್ಷದ ಸರ್ಕಾರ ಪರೋಕ್ಷಕ್ಕೆ ಹೋಯಿತು, 2018ರ ಜನವರಿಯಲ್ಲಿ ನೇರಕ್ಕೆ ಬಂತು, 2019ರ ನವೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಮತ್ತೆ ಪರೋಕ್ಷಕ್ಕೆ ಹೋಯಿತು. ವಿಶೇಷವೆಂದರೆ ಈ ಕೊನೆಯ ಮೂರು ತಿದ್ದುಪಡಿಗಳ ನಡುವೆ ನಗರಗಳಲ್ಲಿ ಒಂದು ಚುನಾವಣೆಯೂ ನಡೆಯಲಿಲ್ಲ. 2016ರ ಅಕ್ಟೋಬರಿನಲ್ಲಿ ನಡೆಯಬೇಕಿದ್ದ ಸ್ಥಳೀಯ ಚುನಾವಣೆಯ ಅಧಿಸೂಚನೆಯನ್ನು ಮದರಾಸು ಹೈಕೋರ್ಟು ರದ್ದುಮಾಡಿತ್ತು. ಐದು ವರ್ಷಕ್ಕೂ ಹೆಚ್ಚು ಕಾಲ ವಿಶೇಷಾಧಿಕಾರಿಗಳು ನಗರ ನಡೆಸಿದರು. ಆಟಗಾರರೇ ಇಲ್ಲದ ಮೈದಾನದಲ್ಲಿ ಗೆರೆಗಳನ್ನು ಮಾತ್ರ ಅಳಿಸಿ ಅಳಿಸಿ ಎಳೆಯುತ್ತಿದ್ದರು.

ಒಂದು ನಗರ, ಹೆಚ್ಚು ಕಡಿಮೆ ಅದೇ ಪಕ್ಷಗಳು, ಎರಡು ನಿಯಮಗಳು ಸರದಿಯ ಮೇಲೆ. ರಾಜ್ಯಶಾಸ್ತ್ರದವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಆದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ನೇರ ಚುನಾವಣೆಯಲ್ಲಿ ಮತದಾರನಿಗೆ ಎರಡು ಮತ: ವಾರ್ಡಿನ ಸದಸ್ಯನಿಗೆ ಒಂದು, ಮೇಯರರಿಗೆ ಒಂದು. ಮೇಯರ್ ಸ್ಥಾನದ ಅಭ್ಯರ್ಥಿ ಇಡೀ ನಗರವನ್ನು ಸುತ್ತಲೇಬೇಕು. 2011ರಲ್ಲಿ ಕುರಿಚಿ, ಕುನಿಯಮುತ್ತೂರು, ಕೌಂಡಂಪಾಳಯಂ ಪುರಸಭೆಗಳೂ ಸುತ್ತಲಿನ ಪಟ್ಟಣ ಪಂಚಾಯತಿಗಳೂ ಪಾಲಿಕೆಯೊಳಗೆ ಸೇರಿ ವಾರ್ಡುಗಳು 72ರಿಂದ 100ಕ್ಕೆ ಏರಿದವು, ವಿಸ್ತೀರ್ಣ ಸುಮಾರು 257 ಚದರ ಕಿಲೋಮೀಟರ್ ಆಯಿತು. ಅಷ್ಟು ನೆಲದ ಮೇಲೆ ಮತ ಬೇಡಬೇಕಾದವನು ಒಂದು ಬೀದಿಯ ಮೋರಿಯ ಮಾತಾಡಿದರೆ ಸಾಲದು. ಶಿರುವಾಣಿ ನೀರು ಯಾವ ಕಡೆಗೆ ಎಷ್ಟು ದಿನಕ್ಕೊಮ್ಮೆ, ಒಳಚರಂಡಿ ಯಾವಾಗ, ಉಕ್ಕಡದ ಕೆರೆಯ ಗತಿಯೇನು ಎಂದು ಇಡೀ ಊರಿನ ಲೆಕ್ಕದಲ್ಲಿ ಮಾತಾಡಬೇಕು. ಆ ಮಾತನ್ನು ಅವನು ಆಮೇಲೆ ನಡೆಸಿಕೊಡುತ್ತಾನೆಂಬ ಭರವಸೆ ನನಗಿಲ್ಲ. ಆಡಬೇಕಾಗುತ್ತದೆ ಎಂಬುದಷ್ಟೇ ನಾನು ಕಂಡದ್ದು. ಒಮ್ಮೆ ಆಡಿದ ಮಾತನ್ನು ಚಹದಂಗಡಿಯವನೂ ನೆನಪಿಟ್ಟುಕೊಂಡಿರುತ್ತಾನೆ.

ಪರೋಕ್ಷ ಚುನಾವಣೆಯಲ್ಲಿ ಏನಾಗುತ್ತದೆ? 2022ರ ಫೆಬ್ರವರಿ 19ರಂದು ಮತದಾನ ನಡೆಯಿತು. ಕೊಯಮತ್ತೂರಿನ 100 ವಾರ್ಡುಗಳಲ್ಲಿ 96ನ್ನು ಡಿಎಂಕೆ ಮೈತ್ರಿಕೂಟ ಗೆದ್ದಿತು. ಮತ ಹಾಕಿದ ದಿನ ಮೇಯರ್ ಯಾರಾಗುತ್ತಾರೆಂದು ಮತದಾರರಿಗೆ ತಿಳಿದಿರಲಿಲ್ಲ. ಪಕ್ಷದ ಪಟ್ಟಿ ಪ್ರಕಟವಾದದ್ದು ಮಾರ್ಚ್ 3ರಂದು, ಸದಸ್ಯರ ಆಯ್ಕೆ ಮಾರ್ಚ್ 4ರಂದು. 19ನೆಯ ವಾರ್ಡಿನಿಂದ ಗೆದ್ದಿದ್ದ ಕಲ್ಪನಾ ಆನಂದಕುಮಾರ್ ಅವಿರೋಧವಾಗಿ ಆಯ್ಕೆಯಾಗಿ ಆ ನಗರದ ಮೊದಲ ಮಹಿಳಾ ಮೇಯರಾದರು. ಉಳಿದ 99 ವಾರ್ಡುಗಳ ಜನ ಅವರ ಹೆಸರನ್ನು ಮತಯಂತ್ರದ ಮೇಲೆ ಕಂಡಿರಲೇ ಇಲ್ಲ. ಇದು ಅವರ ಯೋಗ್ಯತೆಯ ಮೇಲೆ ಹೇಳಿದ ಮಾತಲ್ಲ. ಸಾಮಾನ್ಯ ಕುಟುಂಬದಿಂದ ಬಂದ ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿ ಕೂತದ್ದು ಸಂತೋಷದ ಸಂಗತಿಯೇ. ಅದಕ್ಕೆ ಮುಖ್ಯ ಕಾರಣ ಮಹಿಳಾ ಮೀಸಲಾತಿ. ಅದು ಎರಡು ನಿಯಮಗಳಲ್ಲೂ ಕೆಲಸ ಮಾಡುತ್ತದೆ. ಪಕ್ಕದ ತಿರುಪ್ಪೂರಿನಲ್ಲಿ 2011ರ ನೇರ ಚುನಾವಣೆಯಲ್ಲೇ ಎ. ವಿಶಾಲಾಕ್ಷಿ ಮೇಯರಾಗಿದ್ದರು.

ಹಾಗಾದರೆ ಪರೋಕ್ಷ ಚುನಾವಣೆಯಲ್ಲಿ ವಾರ್ಡು ಸದಸ್ಯನ ಬೆಲೆ ಏರುತ್ತದೆಯೇ? ಪುಸ್ತಕದ ಪ್ರಕಾರ ಏರಬೇಕು, ಮೇಯರರನ್ನು ಮಾಡುವವನೇ ಅವನಲ್ಲವೇ. ನಿಜದಲ್ಲಿ ಅದು ಸಂಖ್ಯೆಯ ಮೇಲೆ ನಿಂತಿದೆ. ನೂರರಲ್ಲಿ ತೊಂಬತ್ತಾರು ಒಂದೇ ಕಡೆ ಇದ್ದರೆ ಒಬ್ಬೊಬ್ಬ ಸದಸ್ಯನ ಮತಕ್ಕೆ ಕಾಸಿನ ಬೆಲೆಯೂ ಇಲ್ಲ, ನಿರ್ಧಾರ ಪಕ್ಷದ ಮೇಲಿನ ಮನೆಯಲ್ಲಿ ಆಗುತ್ತದೆ. ಬಹುಮತ ಕೂದಲೆಳೆಯದಾದರೆ ಅದೇ ಮತ ಚಿನ್ನವಾಗುತ್ತದೆ. ನಮ್ಮ ಬೆಂಗಳೂರನ್ನೇ ನೆನೆಯಿರಿ. 2015ರಲ್ಲಿ ಬಿಬಿಎಂಪಿಯ 198 ವಾರ್ಡುಗಳಲ್ಲಿ ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜನತಾದಳ 14, ಇತರರು 8. ಮೇಯರಾದವರು ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ. ಮೇಯರ್ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿತ್ತು, ಜನತಾದಳ ಜೊತೆಗೂಡಿತು, ಪಕ್ಷೇತರರು ಆಯ್ಕೆಯ ಮುಂಚಿನ ದಿನಗಳನ್ನು ಕೇರಳದ ರೆಸಾರ್ಟಿನಲ್ಲಿ ಕಳೆದರು. ನಿಯಮಕ್ಕೆ ವಿರುದ್ಧವಾದದ್ದೇನೂ ಅಲ್ಲಿ ನಡೆಯಲಿಲ್ಲ. ನಿಯಮ ಯಾವ ನಡೆಗೆ ಬಹುಮಾನ ಕೊಡುತ್ತಿತ್ತೋ ಆ ನಡೆ ನಡೆಯಿತು. ನಾವು ರೆಸಾರ್ಟಿಗೆ ಹೋದವರನ್ನು ಬೈಯುತ್ತೇವೆ, ರೆಸಾರ್ಟಿನ ದಾರಿ ಹಾಕಿದ ನಿಯಮವನ್ನು ಓದುವುದಿಲ್ಲ.

ತಮಿಳುನಾಡಿನಲ್ಲೂ 2022ರ ಮಾರ್ಚ್ 4ರಂದು ಬೇರೊಂದು ರೀತಿಯಲ್ಲಿ ಇದೇ ಕಂಡಿತು. ಮಿತ್ರಪಕ್ಷಗಳಿಗೆ ಬಿಟ್ಟುಕೊಟ್ಟಿದ್ದ ಕೆಲವು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಡಿಎಂಕೆಯ ಸದಸ್ಯರೇ ಎದುರು ನಿಂತು ಗೆದ್ದರು. ಮುಖ್ಯಮಂತ್ರಿ ಸ್ಟಾಲಿನ್ ಅವರು ಹಾಗೆ ಗೆದ್ದವರು ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಹೇಳಬೇಕಾಯಿತು. ಮತಪೆಟ್ಟಿಗೆಯ ಸುತ್ತ ಲಕ್ಷ ಜನವಿದ್ದರೆ ಕೊಟ್ಟ ಮಾತು ಮುರಿಯುವುದು ಕಷ್ಟ, ಮೂವತ್ತು ಜನವಿದ್ದರೆ ಹಿಂದಿನ ರಾತ್ರಿ ಸಾಕು.

ಕೊಯಮತ್ತೂರಿನ ಚರಿತ್ರೆಯಲ್ಲಿ ಒಂದೇ ಘಟನೆ ಎರಡು ನಿಯಮಗಳಡಿ ಎರಡು ಬಾರಿ ನಡೆದಿದೆ. ವಿದ್ಯಾರ್ಥಿಗಳಿಗೆ ನಾನು ಪದೇ ಪದೇ ಹೇಳುತ್ತಿದ್ದ ಉದಾಹರಣೆ ಅದು. 2014ರಲ್ಲಿ ನೇರವಾಗಿ ಆರಿಸಿಬಂದಿದ್ದ ಮೇಯರ್ ವೇಲುಸಾಮಿ ಅವಧಿಯ ನಡುವೆಯೇ ರಾಜೀನಾಮೆ ಕೊಟ್ಟರು. ಸ್ಥಾನ ತುಂಬಲು ಇಡೀ ನಗರ ಸೆಪ್ಟೆಂಬರ್ 18ರಂದು ಮತಗಟ್ಟೆಗೆ ಹೋಗಬೇಕಾಯಿತು. ಅಣ್ಣಾ ಡಿಎಂಕೆಯ ಗಣಪತಿ ಪಿ. ರಾಜ್‌ಕುಮಾರ್ ಗೆದ್ದರು. 2024ರ ಜುಲೈಯಲ್ಲಿ ಪರೋಕ್ಷವಾಗಿ ಆರಿಸಿಬಂದಿದ್ದ ಮೇಯರ್ ಕಲ್ಪನಾ ಅವರೂ ಅವಧಿಯ ನಡುವೆ ರಾಜೀನಾಮೆ ಕೊಟ್ಟರು. ಆಗಸ್ಟ್ 6ರಂದು ಪಾಲಿಕೆಯ ಸಭಾಂಗಣದಲ್ಲಿ 29ನೆಯ ವಾರ್ಡಿನ ಆರ್. ರಂಗನಾಯಕಿ ಅವಿರೋಧವಾಗಿ ಆಯ್ಕೆಯಾದರು. ಮೊದಲನೆಯದಕ್ಕೆ ಲಕ್ಷಾಂತರ ಮತದಾರರ ಬೆರಳಿಗೆ ಶಾಯಿ ಬೇಕಾಯಿತು, ಎರಡನೆಯದು ಒಂದು ಬೆಳಗಿನ ಸಭೆಯಲ್ಲಿ ಮುಗಿಯಿತು.

ಮೊದಲನೆಯದೇ ಸರಿ ಎಂದು ನೀವು ತಟ್ಟನೆ ತೀರ್ಮಾನಿಸುವ ಮೊದಲು ಇನ್ನೊಂದು ಸಂಗತಿ ಹೇಳಬೇಕು. 2014ರ ಆ ಉಪಚುನಾವಣೆಗೆ ಡಿಎಂಕೆ ಸ್ಪರ್ಧಿಸಲೇ ಇಲ್ಲ. ಎದುರು ನಿಂತ ಮುಖ್ಯ ಅಭ್ಯರ್ಥಿ ಬಿಜೆಪಿಯವರು. ಜನರಿಗೆ ಮತ ಸಿಕ್ಕಿತು, ಪೂರ್ಣ ಆಯ್ಕೆ ಸಿಗಲಿಲ್ಲ. ನಡುವಿನಲ್ಲಿ ಮೇಯರರನ್ನು ಇಳಿಸುವ ಅಧಿಕಾರವೂ ಎರಡು ಸಲವೂ ಮತದಾರರ ಕೈಯಲ್ಲಿರಲಿಲ್ಲ. ಮತ್ತೊಂದು ತಿರುವು: 2014ರಲ್ಲಿ ಹೀಗೆ ಇಡೀ ನಗರದ ಮುಂದೆ ನಿಂತು ಪರಿಚಿತರಾದ ರಾಜ್‌ಕುಮಾರ್ ಮುಂದೆ ಡಿಎಂಕೆ ಸೇರಿ 2024ರಲ್ಲಿ ಅದೇ ಕೊಯಮತ್ತೂರಿನಿಂದ ಲೋಕಸಭೆಗೆ ಗೆದ್ದರು. ನೇರ ಚುನಾವಣೆ ವ್ಯಕ್ತಿಗೆ ತನ್ನದೇ ಮುಖವನ್ನು ಕೊಡುತ್ತದೆ. ಆ ಮುಖ ಪಕ್ಷ ಬದಲಾದರೂ ಅವನ ಜೊತೆ ಹೋಗುತ್ತದೆ. ಪಕ್ಷದ ಹಿರಿಯರಿಗೆ ನೇರ ಚುನಾವಣೆ ಕೆಲವೊಮ್ಮೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಪರೋಕ್ಷದ ಪರವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮೇಯರ್ ಒಂದು ಪಕ್ಷ, ಸದಸ್ಯರ ಬಹುಮತ ಇನ್ನೊಂದು ಪಕ್ಷವಾದರೆ ಸಭೆ ರಣರಂಗವಾಗುತ್ತದೆ ಎಂಬುದು ಆ ವಾದ. ಅದು ಕಟ್ಟುಕತೆಯಲ್ಲ. 2001ರಲ್ಲಿ ಚೆನ್ನೈಯಲ್ಲಿ ಜನರು ಮೇಯರರಾಗಿ ಡಿಎಂಕೆಯ ಸ್ಟಾಲಿನ್ ಅವರನ್ನೇ ಮತ್ತೆ ಆರಿಸಿದರು. ಉಪಮೇಯರ್ ಸ್ಥಾನ ಎದುರು ಕೂಟಕ್ಕೆ ಹೋಯಿತು. ಮರುವರ್ಷ ಒಬ್ಬರೇ ಶಾಸಕರೂ ಮೇಯರರೂ ಆಗಿರಬಾರದೆಂಬ ಕಾನೂನು ಬಂದು ಅವರು ಮೇಯರ್ ಸ್ಥಾನ ಬಿಡಬೇಕಾಯಿತು. ಅದೇ ನಾಯಕರ ಪಕ್ಷ 2006ರಲ್ಲಿ ಪರೋಕ್ಷ ಚುನಾವಣೆ ತಂದಿತು, 2019ರಲ್ಲಿ ಎದುರು ಪಕ್ಷ ಪರೋಕ್ಷ ತಂದಾಗ ಟೀಕಿಸಿತು, 2022ರಲ್ಲಿ ತಾನೇ ಅಧಿಕಾರದಲ್ಲಿದ್ದಾಗ ಆ ಪರೋಕ್ಷ ನಿಯಮದಡಿಯಲ್ಲೇ ಚುನಾವಣೆ ನಡೆಸಿತು. ಎದುರು ಪಕ್ಷವೂ ಕಡಿಮೆಯಿಲ್ಲ. ಮೂರೂವರೆ ವರ್ಷದೊಳಗೆ ಮೂರು ಸಲ ಮನಸ್ಸು ಬದಲಾಯಿಸಿದ್ದು ಅದೇ. ನನಗೆ ನೇರವೋ ಪರೋಕ್ಷವೋ ಎಂಬುದಕ್ಕಿಂತ ಚಿಂತೆಗೆ ಕಾರಣವಾದದ್ದು ಈ ಓಡಾಟ. ನಿಯಮ ಪ್ರತಿ ಚುನಾವಣೆಗೂ ಬದಲಾಗಬಹುದೆಂದು ತಿಳಿದಾಗ ರಾಜಕಾರಣಿ ಯಾವ ನಿಯಮಕ್ಕೂ ತನ್ನ ನಡೆಯನ್ನು ಹೊಂದಿಸಿಕೊಳ್ಳುವುದಿಲ್ಲ, ನಿಯಮ ಬರೆಯುವವರ ಮುಖವನ್ನೇ ನೋಡುತ್ತಾನೆ. ಐದು ವರ್ಷ ನಗರದಲ್ಲಿ ಹೆಸರು ಗಳಿಸಿ ಮುಂದಿನ ಸಲ ಮೇಯರ್ ಸ್ಥಾನಕ್ಕೆ ನಿಲ್ಲುತ್ತೇನೆಂದು ಒಬ್ಬ ಒಳ್ಳೆಯ ಸದಸ್ಯ ಯೋಜಿಸಲು ಸಾಧ್ಯವೇ? ಆ ಸ್ಥಾನ ಅಷ್ಟು ಹೊತ್ತಿಗೆ ಜನರ ಕೈಯಲ್ಲಿರುತ್ತದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ.

ಪರೋಕ್ಷ ಆಯ್ಕೆಯಿಂದ ದೊಡ್ಡವರು ಬರುವುದೇ ಇಲ್ಲವೆಂದೂ ಭಾವಿಸಬೇಡಿ. ಕೊಯಮತ್ತೂರಿನ ಆರ್.ಎಸ್. ಪುರಂ ಬಡಾವಣೆಗೆ ಹೆಸರು ಬಂದದ್ದು ರತ್ನಸಭಾಪತಿ ಮುದಲಿಯಾರರಿಂದ. ನೇರ ಚುನಾವಣೆಯ ಕಲ್ಪನೆಯೇ ಇಲ್ಲದ, ಆಸ್ತಿ-ತೆರಿಗೆ ಇದ್ದವರಿಗಷ್ಟೇ ಮತವಿದ್ದ ಕಾಲದಲ್ಲಿ ಪುರಸಭೆಯ ಅಧ್ಯಕ್ಷರಾಗಿದ್ದವರು ಅವರು. ಶಿರುವಾಣಿಯ ನೀರು ನಗರಕ್ಕೆ ಬಂದ ಕತೆಯೊಂದಿಗೆ ಅವರ ಹೆಸರು ಸೇರಿಕೊಂಡಿದೆ. ನಿಯಮ ಮನುಷ್ಯನನ್ನು ಸೃಷ್ಟಿಸುವುದಿಲ್ಲ, ಅವನು ಯಾರ ಕಡೆ ತಿರುಗಿ ಉತ್ತರ ಹೇಳಬೇಕೆಂಬುದನ್ನು ಗೊತ್ತುಮಾಡುತ್ತದೆ. ಆ ಉತ್ತರದ ಹಿಂದೆ ಎಷ್ಟು ಅಧಿಕಾರವಿದೆ ಎಂಬುದು ಮತ್ತೊಂದು ಪ್ರಶ್ನೆ. 1981ರ ಕೊಯಮತ್ತೂರು ಪಾಲಿಕೆ ಕಾಯಿದೆಯಲ್ಲಿ ಆಡಳಿತದ ಹಿಡಿತ ಇದ್ದದ್ದು ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ಹತ್ತು ಲಕ್ಷ ಜನ ನೇರವಾಗಿ ಆರಿಸಿದರೂ ಕಡತಕ್ಕೆ ಸಹಿ ಹಾಕುವ ಕೈ ಬೇರೆಯದು. ಮೇಯರರನ್ನು ಜನರೇ ಆರಿಸಲಿ ಎನ್ನುವವರು ಈ ಸಹಿಯ ಮಾತನ್ನೂ ಎತ್ತದಿದ್ದರೆ ಸುಧಾರಣೆ ಅರ್ಧದಲ್ಲೇ ನಿಲ್ಲುತ್ತದೆ.

ಇನ್ನು ನಮ್ಮ ಹಳ್ಳಿಗಳಿಗೆ ಬರೋಣ. ಬೆಟ್ಟದ ಆಚೆ ತಾಳವಾಡಿಯಲ್ಲಿ ಗ್ರಾಮ ಪಂಚಾಯತಿ ಚುನಾವಣೆಯ ದಿನ ಮತದಾರನ ಕೈಗೆ ನಾಲ್ಕು ಮತಪತ್ರ ಬರುತ್ತವೆ. ಒಂದು ವಾರ್ಡು ಸದಸ್ಯರಿಗೆ, ಒಂದು ಪಂಚಾಯತಿ ಅಧ್ಯಕ್ಷರಿಗೆ, ಇನ್ನೆರಡು ಒಕ್ಕೂಟ ಮತ್ತು ಜಿಲ್ಲಾ ಪಂಚಾಯತಿಯ ಸದಸ್ಯರಿಗೆ. ಅಧ್ಯಕ್ಷರನ್ನು ಊರೇ ನೇರವಾಗಿ ಆರಿಸುತ್ತದೆ, ಪಕ್ಷದ ಚಿಹ್ನೆ ಇಲ್ಲ. ಬೆಟ್ಟದ ಈಚೆ ನಮ್ಮಲ್ಲಿ ಊರು ಸದಸ್ಯರನ್ನು ಮಾತ್ರ ಆರಿಸುತ್ತದೆ. ಅಧ್ಯಕ್ಷರನ್ನು ಮೀಸಲಾತಿಯ ಪ್ರಕಾರ ಸದಸ್ಯರು ಆರಿಸುತ್ತಾರೆ, ಅವಧಿಯೂ ಮೂವತ್ತು ತಿಂಗಳು. ಸೋದರಮಾವನ ಊರಿನಲ್ಲಿ ಒಂದು ನಿಯಮ, ಅಳಿಯನ ಊರಿನಲ್ಲಿ ಇನ್ನೊಂದು. ಮದುವೆಮನೆಗಳಲ್ಲಿ ಎರಡೂ ಕಡೆಯವರು ಎದುರುಬದುರು ಕೂತಾಗ ನಾನು ಕೇಳಿಸಿಕೊಂಡ ದೂರುಗಳು ನಿಯಮದ ಕನ್ನಡಿಯಂತೆಯೇ ಇವೆ. ಆಚೆಯವರದು: "ಅಧ್ಯಕ್ಷ ಐದು ವರ್ಷ ಯಾರ ಮಾತೂ ಕೇಳುವುದಿಲ್ಲ, ಮೆಂಬರುಗಳು ಸುಮ್ಮನೆ ಕೂತಿರುತ್ತಾರೆ." ಈಚೆಯವರದು: "ಅಧ್ಯಕ್ಷರಿಗೆ ಮೆಂಬರುಗಳನ್ನು ಸಂಭಾಳಿಸುವುದರಲ್ಲೇ ದಿನ ಕಳೆಯುತ್ತದೆ, ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿಯುತ್ತದೆ."

ನಮ್ಮ ವ್ಯವಸ್ಥೆಗೆ ಒಂದು ಸಮರ್ಥನೆಯೂ ಇದೆ. ಊರಿನ ಅತಿ ದೊಡ್ಡ ಜಾತಿಯ ಮತವೇ ನೇರ ಚುನಾವಣೆಯಲ್ಲಿ ಅಧ್ಯಕ್ಷರನ್ನು ಗೊತ್ತುಮಾಡುವ ಅಪಾಯ ಹೆಚ್ಚು. ಸದಸ್ಯರು ಆರಿಸುವಾಗ ಸಣ್ಣ ಕೇರಿಯ ಒಬ್ಬ ಪ್ರತಿನಿಧಿಗೂ ತೂಕ ಬರಬಹುದು. ಇದು ಭಾಷೆಗೂ ಅನ್ವಯಿಸುತ್ತದೆ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಯಲ್ಲಿ ಕನ್ನಡವಾಡುವ ದೇವಾಂಗದವರೂ ಒಕ್ಕಲಿಗರೂ ಶತಮಾನಗಳಿಂದ ಇದ್ದಾರೆ. ಮಗ್ಗದ ಬೀದಿಯೊಂದರಲ್ಲಿ ಒಟ್ಟಾಗಿ ನ���ಲೆಸಿದ ಅವರಿಗೆ ಒಂದು ವಾರ್ಡಿನಲ್ಲಿ ದನಿಯಿದೆ. ನೂರು ವಾರ್ಡಿನ ಒಂದೇ ದೊಡ್ಡ ಮತದಾನದಲ್ಲಿ ಆ ದನಿ ಕಡಲಿಗೆ ಸುರಿದ ಚೊಂಬು ನೀರು. ಭಾಷಾ ಅಲ್ಪಸಂಖ್ಯಾತನಾಗಿ ಬದುಕಿದ ನಾನು ನೇರ ಚುನಾವಣೆಯ ಪರವಾಗಿ ಮಾತಾಡುವಾಗಲೆಲ್ಲ ಈ ಒಂದು ಸಂಗತಿ ನನ್ನ ನಾಲಗೆಯನ್ನು ಸ್ವಲ್ಪ ಹಿಡಿಯುತ್ತದೆ. ಆದರೂ ಕೇಳಿದರೆ, ನಗರಕ್ಕೆ ನೇರ ಚುನಾವಣೆ ಇರಲಿ, ಆ ನಿಯಮವನ್ನು ಚುನಾವಣೆಗೆ ಮುನ್ನ ಬದಲಾಯಿಸದಂತೆ ಕಾನೂನಿನ ಬೀಗ ಇರಲಿ ಎಂದೇ ಹೇಳುತ್ತೇನೆ. ಹಳ್ಳಿಯ ವಿಷಯದಲ್ಲಿ ನನಗಿನ್ನೂ ಅಷ್ಟು ಧೈರ್ಯವಿಲ್ಲ.

ಪೋಷಕರೇ, ಇದು ನಿಮಗೆ ದೂರದ ಮಾತಲ್ಲ. ನಿಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ ಪರೋಕ್ಷ ವ್ಯವಸ್ಥೆಯೇ: ನೀವು ಸದಸ್ಯರನ್ನು ಆರಿಸುತ್ತೀರಿ, ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಅಧ್ಯಕ್ಷರಿಗೆ ಶೌಚಾಲಯದ ನೀರಿನ ಬಗ್ಗೆ ಪ್ರಶ್ನೆ ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ, ಸದಸ್ಯರನ್ನು ಕೇಳಿದವರು ಎಷ್ಟು ಮಂದಿ ಎಂದು ನಾನು ಇಲ್ಲಿ ಕೈ ಎತ್ತಿಸುವುದಿಲ್ಲ.

ಗುರುಗಳಿಗೆ ಒಂದು ವಿನಂತಿ ಮಾತ್ರ. ನಿಮ್ಮ ಶಾಲಾ ಸಂಸತ್ತಿನಲ್ಲಿ ಈಗ ತರಗತಿಯ ಪ್ರತಿನಿಧಿಗಳು ಸೇರಿ ಮುಖ್ಯಮಂತ್ರಿಯನ್ನು ಆರಿಸುತ್ತಾರೆಂದು ತಿಳಿಯಿತು. ಮುಂದಿನ ವರ್ಷ ಎಲ್ಲ ಮಕ್ಕಳೂ ನೇರವಾಗಿ ಮತಹಾಕಿ ಆರಿಸಲಿ, ಅದರ ಮರುವರ್ಷ ಮತ್ತೆ ಈಗಿನ ರೀತಿಗೆ ಬರಲಿ. ಎರಡೂ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ನಿಂತವರು ಯಾರು, ಹುಡುಗಿಯರೆಷ್ಟು, ಮತ ಕೇಳಲು ಯಾವ ತರಗತಿಗಳಿಗೆ ಹೋದರು, ಒಂದನೆಯ ತರಗತಿಯ ಮಕ್ಕಳ ಬಳಿಗೆ ಯಾರಾದರೂ ಹೋದರೇ, ಏನೇನು ಮಾತು ಕೊಟ್ಟರು, ಅವುಗಳಲ್ಲಿ ಯಾವುದು ನಡೆಯಿತು. ಆ ನೋಟ್‌ಬುಕ್ಕನ್ನು ನನಗೊಮ್ಮೆ ತೋರಿಸಿ. ನಾನು ಮತ್ತೆ ಇಲ್ಲಿಗೆ ಬರುತ್ತೇನೆ, ಆಗ ನೀವು ಮಾತಾಡಿ, ನಾನು ಕೆಳಗೆ ಕೂತು ಕೇಳುತ್ತೇನೆ.